ಜಲ್ಲಿ ಲಾರಿಯ ಹಿಂದೆ ಅಮೆರಿಕದ ಕಾರು

ಲಂಡನ್ನಿನ ಕೆಂಟನ್ನಿನಲ್ಲಿ ನಮ್ಮ ಮನೆಯ ಮುಂದೆ ಮೂರು ವರ್ಷ ಒಂದು ಅಮೆರಿಕದ ಕಾರು ಇತ್ತು. ಎಂಟು ಸಿಲಿಂಡರಿನ ಇಂಜಿನ್ನು, ಅದರ ಜೋರೆಲ್ಲ ಹಿಂದಿನ ಎರಡು ಚಕ್ರಗಳಿಗೆ. ನಾಲ್ಕು ಬಾಗಿಲು, ಕಡುನೀಲಿ ಬಣ್ಣ, ಸ್ಟೀರಿಂಗು ಎಡಗಡೆ. ಮೂತಿ ಎಷ್ಟು ಉದ್ದವೆಂದರೆ, ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ನಿಲ್ಲಿಸಿದಾಗ ಒಂದು ಮೊಳ ಫುಟ್‌ಪಾತಿಗೆ ಚಾಚಿಕೊಳ್ಳುತ್ತಿತ್ತು. ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡು ಬರುವ ಹೆಂಗಸರು ಅದನ್ನು ಬಳಸಿಕೊಂಡು ಹೋಗುವಾಗ ನಮ್ಮ ಕಿಟಕಿಯತ್ತ ಒಮ್ಮೆ ದುರುಗುಟ್ಟಿ ನೋಡಿಯೇ ಹೋಗುತ್ತಿದ್ದರು. ಆ ನೋಟ ನನಗೆ ರೂಢಿಯಾಗಿಹೋಗಿತ್ತು.

"ಯಾಕೆ ಸಾರ್ ಇಂಥಾ ಕಾರು?" ಎಂದು ಕೇಳದವರಿಲ್ಲ. ಕನ್ನಡದವರು ಸೇರಿದ ಕಡೆಯೆಲ್ಲ ಅದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ನಾಲಿಗೆ ಸವೆಯಿತು. ಒಬ್ಬರಿಗೆ ಅಗ್ಗಕ್ಕೆ ಸಿಕ್ಕಿತು ಎಂದೆ, ಇನ್ನೊಬ್ಬರಿಗೆ ಗಟ್ಟಿ ಮಾಲು ಎಂದೆ, ಹತ್ತಿರದ ಪಿನ್ನರ್‌ನಲ್ಲಿದ್ದ ಬೆಂಗಳೂರಿನ ಒಬ್ಬ ಹೃದಯದ ಡಾಕ್ಟರಿಗೆ "ಹುಚ್ಚು ರೀ, ಮತ್ತೇನು?" ಎಂದೆ. ಅವರೊಬ್ಬರೇ ಉತ್ತರವನ್ನು ಒಪ್ಪಿಕೊಂಡು ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಆ ಕಾರು ತಂದದ್ದು ನನ್ನ ಹೆಂಡತಿ ನಿದ್ದೆ ಮಾಡಲಿ ಎಂದು. ಆದರೆ ಇದನ್ನು ಊಟದ ತಟ್ಟೆ ಹಿಡಿದುಕೊಂಡು ನಿಂತವರಿಗೆ ಹೇಗೆ ವಿವರಿಸುವುದು?

ನನ್ನ ಹೆಂಡತಿ ಮಕ್ಕಳ ಡಾಕ್ಟರು, ಮೈಸೂರಿನವಳು. ನಾನು ಧಾರವಾಡದವನು, ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರನಾಗಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಾನು ಮಗಳನ್ನು ಎತ್ತಿಕೊಂಡು ಹಿಂದಿನಿಂದ ಬಂದೆ. ನನ್ನ ಡಿಗ್ರಿಯನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಅರ್ಜಿ ಹಾಕಿ ಹಾಕಿ ಸಾಕಾಗಿ, ಹೇಸ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿ ಮಧ್ಯಾಹ್ನದ ಶಿಫ್ಟಿಗೆ ಸೇರಿಕೊಂಡೆ. ಬಂದ ಪೆಟ್ಟಿಗೆಗಳನ್ನು ಎಣಿಸಿ ಒಳಗೆ ಹಾಕಿಸುವುದು, ಎಣಿಸಿ ಹೊರಗೆ ಕಳಿಸುವುದು. ಕನ್ನಡದವರ ನಡುವೆ ನನಗಿದ್ದ ಹೆಸರು ಒಂದೇ: ಡಾಕ್ಟರಮ್ಮನ ಯಜಮಾನರು. ಬೆಂಗಳೂರಿನವರು, ಮೈಸೂರಿನವರು, ಕಲಬುರಗಿಯವರು, ಎಲ್ಲರೂ ಡಾಕ್ಟರುಗಳೇ. ಹಬ್ಬದ ಊಟದಲ್ಲಿ ಅವರು ಆಸ್ಪತ್ರೆಯ ಮಾತಿಗೆ ಕೂತರೆ ನಾನು ಪಲ್ಯ ಬಡಿಸುವ ನೆಪದಲ್ಲಿ ಮಕ್ಕಳ ಸಾಲಿನ ಕಡೆ ಹೋಗುತ್ತಿದ್ದೆ. ಬೇಸರವೆಂದಲ್ಲ. ಬೇಸರವೇ ಅನ್ನಿ, ಏನೀಗ?

ತರಬೇತಿಯ ವರ್ಷಗಳಲ್ಲಿ ಡಾಕ್ಟರುಗಳನ್ನು ಎಲ್ಲಿ ಹಾಕಿದರೆ ಅಲ್ಲಿಗೆ ಹೋಗಬೇಕು. ಎರಡು ಸಾವಿರದ ಇಸವಿ ಕಳೆದ ಮೇಲೆ ಅವಳನ್ನು ಹಾಕಿದ್ದು ಲಂಡನ್ನಿನ ಅಂಚು ದಾಟಿ ಆಚೆಗಿದ್ದ ಒಂದು ಊರಿನ ಆಸ್ಪತ್ರೆಗೆ. ವಾರಗಟ್ಟಲೆ ನೈಟ್ ಡ್ಯೂಟಿ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಷ್ಟಿರುವ ಕೂಸುಗಳ ವಾರ್ಡು. ಔಷಧದ ಲೆಕ್ಕದಲ್ಲಿ ಒಂದು ದಶಾಂಶದ ಚುಕ್ಕೆ ಆಚೀಚೆಯಾದರೆ ಕೂಸು ಉಳಿಯುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಇಡೀ ರಾತ್ರಿ ಆ ಚುಕ್ಕೆಯನ್ನು ಕಾದು, ಬೆಳಿಗ್ಗೆ ತನ್ನ ಸಣ್ಣ ಕಾರು ಓಡಿಸಿಕೊಂಡು ಒಂದು ತಾಸಿನ ದಾರಿ ಮನೆಗೆ ಬರುತ್ತಿದ್ದಳು.

ಒಂದು ಬೆಳಿಗ್ಗೆ ಕಾರು ಬಂದು ನಿಂತ ಸದ್ದಾಯಿತು, ಬಾಗಿಲು ತೆಗೆದ ಸದ್ದಾಗಲಿಲ್ಲ. ಮಗಳಿಗೆ ಟೋಸ್ಟ್ ಮಾಡುತ್ತಿದ್ದವನು ಹೊರಗೆ ಹೋಗಿ ನೋಡಿದೆ. ಮುಂದಿನ ಟೈರು ಒಡೆದು ಕಾರು ರಿಮ್ಮಿನ ಮೇಲೆ ಕೂತಿದೆ, ಪಕ್ಕದ ಕನ್ನಡಿಯೇ ಇಲ್ಲ. ಅವಳು ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದಾಳೆ.

"ಏನಾತು?"

"ಏನೂ ಆಗಿಲ್ಲ. ನಿದ್ದೆ ಬಂದ್ಬಿಡ್ತು ಕಣ್ರೀ. ಒಂದೇ ನಿಮಿಷ. ಡಿವೈಡರ್‌ಗೆ ತಗುಲಿದಾಗ ಎಚ್ಚರ ಆಯ್ತು."

ಒಡೆದ ಟೈರಿನ ಮೇಲೆ ಎಷ್ಟು ದೂರ ಬಂದಳೋ ಅವಳಿಗೇ ಗೊತ್ತಿರಲಿಲ್ಲ. ನನ್ನ ಜೀವ ಬಾಯಿಗೆ ಬಂದಿತ್ತು, ಹೊರಗೆ ಬಂದದ್ದು ಸಿಟ್ಟು. "ನಾಳಿಂದ ನೀ ಸ್ಟೀರಿಂಗ್ ಮುಟ್ಟಬ್ಯಾಡ. ಹೋಗೂದು ಟ್ರೇನಿನಾಗ ಹೋಗು. ಮುಂಜಾನೆ ನಾ ಬಂದು ಕರಕೊಂಡು ಬರ್ತೇನಿ. ಆ ಒಂದು ತಾಸು ನೀ ಸುಮ್ನ ಮಲಕೋ."

"ನಿಮಗೂ ಕೆಲಸ ಇದೆಯಲ್ರೀ."

"ನಂದು ಮಧ್ಯಾಹ್ನ. ಪೆಟ್ಟಿಗಿ ಎಣಸಲಿಕ್ಕೆ ಅಷ್ಟೇನು ನಿದ್ದಿ ಬೇಕಾಗೂದಿಲ್ಲ."

ಅವಳು ನಗಲಿಲ್ಲ. ಬಾಗಿಲು ತೆಗೆದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಮಲಗಿದ ಮರುಕ್ಷಣ ಅವಳ ಸಣ್ಣ ಗೊರಕೆ ಶುರುವಾಯಿತು. ಮದುವೆಯಾದಾಗಿನಿಂದ ಕೇಳುತ್ತಿರುವ ಗೊರಕೆ ಅದು; ಕುಕ್ಕರು ಸೀಟಿ ಹಾಕುವ ಮೊದಲು ಸಣ್ಣಗೆ ಉಸಿರಾಡುತ್ತದಲ್ಲ, ಅಷ್ಟೇ ಸದ್ದು. ಆ ದಿನ ಅದನ್ನು ಕೇಳುತ್ತ ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದೆ.

ಮೊದಲು ಕೆಲವು ದಿನ ಅವಳ ಸಣ್ಣ ಕಾರಿನಲ್ಲೇ ಕರೆತಂದೆ. ಅದರ ಸೀಟು ಹಿಂದಕ್ಕೆ ಬಾಗದು, ಮೊಣಕಾಲು ಮುಂದೆ ತಾಗುವುದು. ಕತ್ತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿ ಅವಳು ನರಳುತ್ತಿದ್ದಳು. ಅಷ್ಟರಲ್ಲಿ ಗೋದಾಮಿನ ಕ್ಯಾಂಟೀನಿನಲ್ಲಿ ಯಾರೋ ಬಿಟ್ಟುಹೋದ ಜಾಹೀರಾತಿನ ಪತ್ರಿಕೆಯಲ್ಲಿ ಈ ಕಾರು ಕಂಡಿತು. ಇಂಗ್ಲೆಂಡಿನ ಪೂರ್ವದ ಕಡೆ ಅಮೆರಿಕದವರ ವಾಯುಪಡೆಯ ನೆಲೆಗಳಿವೆ. ಅಲ್ಲಿದ್ದ ಒಬ್ಬ ಸೈನಿಕ, ಊರಿನಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ತನ್ನ ಕಾರನ್ನು ಇಲ್ಲೇ ಮಾರಿ ವಾಪಸು ಹೊರಟಿದ್ದ. ನೋಡಿಯಾದರೂ ಬರೋಣ ಎಂದು ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಅವನು ಬಾನೆಟ್ ಎತ್ತಿ ಇಂಜಿನ್ ಶುರು ಮಾಡಿದ. ಆ ಸದ್ದು ಪಾದದಿಂದ ಏರಿ ಹೊಟ್ಟೆಗೆ ಬಂತು, ಆಮೇಲೆ ಕಿವಿಗೆ. ಕಾರ್ಖಾನೆ ಬಿಟ್ಟು ಬಂದ ಮೇಲೆ ಒಂದು ಯಂತ್ರದ ಎದುರು ನಾನು ಹಾಗೆ ನಿಂತದ್ದು ಅದೇ ಮೊದಲು. ಕೆಳಗೆ ಮಲಗಿ, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಕೈಯಿಂದ ಮುಟ್ಟಿ ನೋಡಿದೆ. ಎದ್ದು ಬರುವಷ್ಟರಲ್ಲಿ ಹೆಂಡತಿ ಬಲಗಡೆಯ ಸೀಟಿನಲ್ಲಿ ಕೂತು, ಅದನ್ನು ಹಿಂದಕ್ಕೆ ಬಾಗಿಸಿಕೊಂಡಿದ್ದಳು.

"ಕಾಲು ಚಾಚ್ಬೋದು ಕಣ್ರೀ," ಎಂದಳು.

ನನಗೆ ಅಷ್ಟು ಸಾಕಾಯಿತು. ಆಸೆ ನನ್ನದು, ನೆಪ ಅವಳದು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ನಕ್ಕೆವು.

ಸ್ಟೀರಿಂಗ್ ಎಡಗಡೆ ಇರುವ ಕಾರನ್ನು ಈ ದೇಶದಲ್ಲಿ ಓಡಿಸುವುದೆಂದರೆ ದಿನಾ ಒಂದು ತಾಪತ್ರಯ. ಮನೆಗೆ ಬಂದ ಹಿರಿಯ ಹೆಂಗಸರು, ಮರ್ಯಾದೆಯ ಮುಂದಿನ ಸೀಟು ಎಂದು ಎಡಗಡೆಯ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು ಸ್ಟೀರಿಂಗಿನ ಮುಂದೆ ಕೂತುಬಿಡುತ್ತಿದ್ದರು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಯಂತ್ರ ಬಲಗಡೆ; ಒಬ್ಬನೇ ಹೋದಾಗ ಇಳಿದು, ಸುತ್ತಿ ಬಂದು, ಚೀಟಿ ಕಿತ್ತುಕೊಂಡು ಮತ್ತೆ ಓಡಬೇಕು, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇವೆಲ್ಲ ಹಾಳಾಗಿ ಹೋಗಲಿ. ದೊಡ್ಡ ಕಷ್ಟವೆಂದರೆ ಓವರ್‌ಟೇಕ್ ಮಾಡುವುದು. ಇಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ. ಮುಂದೆ ಲಾರಿ ಇದ್ದರೆ, ಎಡಗಡೆ ಕೂತವನಿಗೆ ಆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂದು ಕಾಣುವುದು ಬಲಗಡೆ ಕೂತವರಿಗೆ ಮಾತ್ರ.

ಆಸ್ಪತ್ರೆಯಿಂದ ಬರುವ ದಾರಿ ಅರ್ಧದವರೆಗೂ ಹೋಗಲೊಂದು ಬರಲೊಂದು ಸಾಲಿನ ರಸ್ತೆ. ಅದರ ಮೇಲೆ ಬೆಳಗಾದರೆ ಜಲ್ಲಿ ತುಂಬಿದ ಲಾರಿಗಳು. ಮೊದಲ ವಾರಗಳಲ್ಲಿ ನನ್ನ ಕಣ್ಣು ಹೆಂಡತಿಯೇ. ಸೀಟಿನಿಂದ ಮುಂದೆ ಬಾಗಿ, "ಬೇಡ, ಬೇಡ, ಬಸ್ಸು ಬರ್ತಿದೆ... ಇರಿ... ಹಾಂ, ಖಾಲಿ ಇದೆ, ಹೋಗಿ!" ಎನ್ನುತ್ತಿದ್ದಳು. ನಾನು ಕಾಲು ಒತ್ತಿದರೆ ಕಾರು ಹಿಂದಿನ ಚಕ್ರ ಊರಿ ನುಗ್ಗುತ್ತಿತ್ತು, ನಾವಿಬ್ಬರೂ ಸೀಟಿಗೆ ಅಂಟಿಕೊಳ್ಳುತ್ತಿದ್ದೆವು. "ಅಯ್ಯಯ್ಯೋ!" ಎಂದು ಅವಳು ಜೋರಾಗಿ ನಗುತ್ತಿದ್ದಳು, ನಿದ್ದೆಗೆಟ್ಟ ಆ ಕೆಂಪು ಕಣ್ಣುಗಳಲ್ಲಿ. "ಮಲಕೋ ಅಂದ್ರ ನಗತಿ," ಎಂದು ನಾನು ಬೈಯುತ್ತಿದ್ದೆ. ಹೊಸದರ ಉಮೇದು ಇಳಿಯಲಿ, ನಿದ್ದೆ ತಾನಾಗಿ ಬರುತ್ತದೆ ಎಂದುಕೊಂಡೆ. ಈಗ ಎಣಿಸಿಕೊಂಡರೆ ಲಂಡನ್ನಿನಲ್ಲಿ ನಾವು ಅಷ್ಟು ನಕ್ಕದ್ದು ಆ ಕೆಲವು ವಾರ ಮಾತ್ರ.

ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಸ ಗಾಡಿ ತಂದವರ ಮನೆಯಲ್ಲಿ ಆ ವರ್ಷದ ಪೂಜೆ ಎಂದು ನಮ್ಮವರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಶನಿವಾರ ಬೆಳಿಗ್ಗೆ ಹತ್ತಾರು ಜನ ನಮ್ಮ ಮನೆಯ ಮುಂದೆ ಸೇರಿದರು. ಹಾರ, ವಿಭೂತಿ, ಚಕ್ರಕ್ಕೊಂದರಂತೆ ನಿಂಬೆಹಣ್ಣು, ಎಲ್ಲ ಸಿದ್ಧವಾಗಿತ್ತು. ಪಿನ್ನರ್‌ನ ಹೃದಯದ ಡಾಕ್ಟರು ಮಾತ್ರ ನಿಂಬೆಹಣ್ಣಿಗೆ ತೃಪ್ತರಾಗಲಿಲ್ಲ. ಗುಜರಾತಿ ಅಂಗಡಿಯಿಂದ ಒಂದು ದೊಡ್ಡ ಬೂದುಗುಂಬಳಕಾಯಿ ಹೊತ್ತು ತಂದಿದ್ದರು.

"ನಿಂಬೆಹಣ್ಣು ಸಣ್ಣ ಗಾಡಿಗೆ ಸಾರ್. ಇಂಥಾ ಗಾಡಿಗೆ ಕುಂಬಳಕಾಯೇ ಆಗ್ಬೇಕು. ದೃಷ್ಟಿ ಅಂದ್ರೆ ಸಾಮಾನ್ಯಾನಾ?"

ಕಾಯಿಗೆ ತೂತು ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಕಾರಿಗೆ ಇಳಿತೆಗೆದು, ಗೇಟಿನ ಹತ್ತಿರ ನೆಲಕ್ಕೆ ಅಪ್ಪಳಿಸಿದರು. ನಮ್ಮೂರಿನ ಬಿಸಿಲಿನ ಮಣ್ಣಿನಲ್ಲಾಗಿದ್ದರೆ ಅದು ಅಲ್ಲೇ ಇಂಗುತ್ತಿತ್ತು. ಇಲ್ಲಿ ಅಕ್ಟೋಬರಿನ ಒದ್ದೆ ಕಲ್ಲು, ಅದರ ಮೇಲೆ ಕೊಳೆತ ಎಲೆ, ಅದರ ಮೇಲೆ ಕುಂಬಳಕಾಯಿಯ ತಿರುಳು. ಮನೆಯೊಡತಿ ಪಕ್ಕದಲ್ಲಿ ಕೂತು ಗಾಡಿ ಹೊರಡಬೇಕು ಎಂದು ಯಾರೋ ಹೆಂಗಸರು ಅಂದರು. ಹೆಂಡತಿ ರೇಷ್ಮೆ ಸೀರೆ ಎತ್ತಿ ಹಿಡಿದು ಬಲಗಡೆ ಕೂತಳು. "ಸ್ವಲ್ಪ ಜೋರಾಗಿ ಸಾರ್! ಸೌಂಡ್ ಕೇಳ್ಬೇಕು!" ಎಂದರು ಡಾಕ್ಟರು.

ನಾಲ್ಕು ಜನ ನೋಡುತ್ತಿರುವಾಗ ಮೆತ್ತಗೆ ಹೊರಡಲು ನನಗೂ ಮನಸ್ಸಾಗಲಿಲ್ಲ. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಮುಂದಿನ ಚಕ್ರ ಗೇಟು ದಾಟಿತು, ಎಡಕ್ಕೆ ತಿರುಗಿಸಿ ಕಾಲು ಒತ್ತಿದೆ. ಅದೇ ಹೊತ್ತಿಗೆ ಹಿಂದಿನ ಚಕ್ರಗಳು ಕುಂಬಳಕಾಯಿಯ ಮೇಲಿದ್ದವು. ಅವಕ್ಕೆ ಹಿಡಿತವೇ ಸಿಗಲಿಲ್ಲ. ಕಾರಿನ ಹಿಂಭಾಗ ಯಾರೋ ಒದ್ದಂತೆ ಬಲಕ್ಕೆ ಹಾರಿತು, ಇಡೀ ಕಾರು ಗಿರಕಿ ಹೊಡೆಯುತ್ತ ರಸ್ತೆ ದಾಟಿ ಎದುರು ಮನೆಯ ಫುಟ್‌ಪಾತಿನ ಮೇಲೆ ಹೋಗಿ ನಿಂತಿತು. ನಾನು ಬಲಕ್ಕೆ ತಿರುಗಿ ನೋಡಿದರೆ ಹೆಂಡತಿಯ ಕಿಟಕಿಯ ಹೊರಗೆ ಒಂದು ಗೇಣು ದೂರದಲ್ಲಿ ಕೌನ್ಸಿಲ್‌ನವರ ಕಬ್ಬಿಣದ ದೀಪದ ಕಂಬ. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ಯಾರಿಗೂ ಏನೂ ಆಗಲಿಲ್ಲ. ಕಾರಿಗೆ ಒಂದು ಗೀರು ಕೂಡ ಬೀಳಲಿಲ್ಲ. ಡಾಕ್ಟರು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. "ಹೋಯ್ತು ಸಾರ್! ಇದ್ದಬದ್ದ ದೃಷ್ಟಿಯೆಲ್ಲ ಹೋಯ್ತು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಹೆಂಡತಿ ಇಳಿದು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಎಲ್ಲರಿಗೂ ಕೇಸರಿಬಾತು ಕಾಫಿ ಕೊಟ್ಟಳು. ಮಗಳೊಬ್ಬಳೇ ಮೆಟ್ಟಿಲ ಮೇಲೆ ನಿಂತು, "ದಟ್ ವಾಸ್ ನಾಟ್ ಫನ್ನಿ, ಪಪ್ಪಾ," ಎಂದಳು. "ನಿನಗೇನ್ ಗೊತ್ತಾಗ್ತದ, ಹೋಗಿ ತಿನ್ನು ಹೋಗು," ಎಂದು ಅವಳನ್ನು ಅಟ್ಟಿದೆ.

ಅಲ್ಲಿಂದ ಮುಂದೆ ಆ ಕಥೆ ನಮ್ಮವರ ಊಟದ ಸಾಲಿನಲ್ಲಿ ಖಾಯಂ ಆಯಿತು. ನನ್ನ ಹೆಸರೂ ಬದಲಾಯಿತು. ಡಾಕ್ಟರಮ್ಮನ ಯಜಮಾನರು ಹೋಗಿ ಅಮೆರಿಕನ್ ಕಾರಿನವರು ಎಂದಾಯಿತು. ಮದುವೆಗೆ ಗಂಡನ್ನು ಕರೆತರಲು ನಮ್ಮ ಕಾರು ಬೇಕು, ಊರಿಂದ ಬಂದ ಬೀಗರಿಗೆ ಲಂಡನ್ ತೋರಿಸಲು ನಮ್ಮ ಕಾರು ಬೇಕು. ಬಾನೆಟ್ ಎತ್ತಿ ತೋರಿಸಿ ಎಂದು ಗಂಡಸರು ಸುತ್ತ ನಿಲ್ಲುತ್ತಿದ್ದರು, ನಾನು ವಿವರಿಸುತ್ತಿದ್ದೆ, ಅವರು ಕೇಳುತ್ತಿದ್ದರು. ಡಾಕ್ಟರುಗಳು ನನ್ನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದು ಆಗಲೇ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪೂಜೆಯಾದ ಮರುವಾರದಿಂದ ಹೆಂಡತಿ ಕಾರಿನಲ್ಲಿ ನಿದ್ದೆ ಮಾಡಲು ಶುರು ಮಾಡಿದಳು. ಆಸ್ಪತ್ರೆಯ ಗೇಟು ದಾಟುವ ಮುಂಚೆಯೇ ಸೀಟು ಹಿಂದಕ್ಕೆ ಬಾಗಿಸಿ, ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಪಟ್ಟಿ ಕೈಗೆ ಸುತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಕೆಂಟನ್ ಬಂದು ಇಂಜಿನ್ ಆರಿಸಿದ ಮೇಲೆಯೇ ತೆರೆಯುವುದು. ನನ್ನ ಹೊಟ್ಟೆ ತಣ್ಣಗಾಯಿತು. ಕೊನೆಗೂ ಕಾರು ಒಗ್ಗಿತು ಎಂದುಕೊಂಡೆ. ಮನೆಯಲ್ಲಿ ಮಲಗಿದರೆ ಬರುವ ಆ ಸಣ್ಣ ಗೊರಕೆಯೂ ಕಾರಿನಲ್ಲಿ ಬರುತ್ತಿರಲಿಲ್ಲ. ಅದು ಸೀಟಿನ ಗುಣ, ಕತ್ತು ಸರಿಯಾಗಿ ನಿಂತರೆ ಗೊರಕೆ ಬರುವುದಿಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡು, ಇಬ್ಬರು ಮೂವರಿಗೆ ಹೇಳಿಯೂ ಹೇಳಿದೆ.

ಅವಳು ಮಲಗಿದ ಮೇಲೆ ನನಗೆ ಕಣ್ಣಿಲ್ಲ. ಕಣ್ಣಿಲ್ಲದೆ ಓವರ್‌ಟೇಕ್ ಮಾಡುವಂತಿಲ್ಲ, ಅದಕ್ಕಾಗಿ ಅವಳನ್ನು ಎಬ್ಬಿಸುವಂತೆಯೂ ಇಲ್ಲ. ಹಾಗಾಗಿ ಎಂಟು ಸಿಲಿಂಡರು ಇಟ್ಟುಕೊಂಡು ನಾನು ಜಲ್ಲಿ ಲಾರಿಯ ಹಿಂದೆ ಹೊರಟೆ. ಅದು ತೆವಳಿದರೆ ನಾನೂ ತೆವಳುತ್ತಿದ್ದೆ, ಅದು ಸಿಗ್ನಲ್ಲಿನಲ್ಲಿ ನಿಂತರೆ ನಾನೂ. ಅದರ ಹೊಗೆ ಕುಡಿದು, ಅದರಿಂದ ಉದುರುವ ಪುಡಿಕಲ್ಲು ಗಾಜಿಗೆ ಬಡಿಯುವುದನ್ನು ಕೇಳುತ್ತ, ಹಾಲು ತುಂಬಿದ ಪಾತ್ರೆ ಹಿಡಿದು ನಡೆದವನಂತೆ ಬರುತ್ತಿದ್ದೆ. ಪಿನ್ನರ್ ದಾಟಿ ಕೆಂಟನ್ನಿನ ಬೀದಿಗಳ ವೇಗತಡೆ ದಿಬ್ಬಗಳನ್ನು ಒಂದೊಂದು ಚಕ್ರವಾಗಿ ಹತ್ತಿಸಿ ಇಳಿಸುತ್ತಿದ್ದೆ. ಒಮ್ಮೆ ಆ ಹೃದಯದ ಡಾಕ್ಟರು ತಮ್ಮ ಕಾರಿನಲ್ಲಿ ಭರ್ರನೆ ನನ್ನನ್ನು ದಾಟಿ ಹೋದರು. ಸಂಜೆ ಫೋನು ಬಂತು: "ಏನ್ ಸಾರ್, ಅಂಥಾ ಗಾಡಿ ಇಟ್ಕೊಂಡು ಎತ್ತಿನ ಗಾಡಿ ಹೊಡೀತೀರಲ್ಲ!" ಎತ್ತಿನ ಗಾಡಿಯಾದರೆ ಎತ್ತಿನ ಗಾಡಿ. ನನ್ನ ಹೆಂಡತಿ ಮಲಗಿದ್ದಾಳೆ, ನಿನಗೇನಯ್ಯಾ ಕಷ್ಟ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಹೀಗೆ ಮೂರು ವರ್ಷ. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡಬೇಕು. ಅವಳು ಕಾರಿನ ಸದ್ದಿಗೆ ನಾಚಿ, "ಕಾರ್ನರ್‌ನಲ್ಲಿ ಡ್ರಾಪ್ ಮಾಡಿ, ಪ್ಲೀಸ್," ಎಂದು ಅರ್ಧ ಕನ್ನಡವನ್ನಾದರೂ ಆಡುತ್ತಿದ್ದಳು. ಅಲ್ಲಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಮನೆಯಿಂದ ಹೇಸ್. ಶಿಫ್ಟು ಮುಗಿಸಿ ಬರುವಷ್ಟರಲ್ಲಿ ಅವಳು ಮತ್ತೆ ಟ್ರೇನು ಹತ್ತಿ ಹೋಗಿರುತ್ತಿದ್ದಳು. ಒಂದೇ ಮನೆಯಲ್ಲಿದ್ದು ನಾವು ಎಚ್ಚರವಾಗಿ ಮುಖ ನೋಡಿಕೊಳ್ಳುತ್ತಿದ್ದುದು ಆಸ್ಪತ್ರೆಯ ಬಾಗಿಲಲ್ಲಿ, ನಾನು ಫ್ಲಾಸ್ಕಿನ ಕಾಫಿ ಕೊಡುವಾಗ. ಉಸ್ಸಪ್ಪಾ, ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತದೆ.

ನನ್ನ ದಣಿವು ಹೋಗಲಿ, ಅವಳ ದಣಿವು ನನಗೆ ಅರ್ಥವಾಗುತ್ತಿರಲಿಲ್ಲ. ದಾರಿಯಲ್ಲಿ ಒಂದು ತಾಸು ನಿದ್ದೆ, ಮನೆಗೆ ಬಂದ ಮೇಲೆ ಪರದೆ ಎಳೆದುಕೊಂಡು ನಿದ್ದೆ, ಆದರೂ ಮುಖದಲ್ಲಿ ರಕ್ತವಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುವಳು. ಮಾತಿನ ನಡುವೆ ಏನು ಹೇಳುತ್ತಿದ್ದೆ ಎಂದು ನಿಲ್ಲುವಳು. ವಾರ್ಡಿನಲ್ಲಿ ಕೂಸುಗಳ ಔಷಧ ಬರೆದಾದ ಮೇಲೆ ತನ್ನ ಕಣ್ಣನ್ನೇ ನಂಬದೆ ಮತ್ತೆ ಮತ್ತೆ ನೋಡುತ್ತೇನೆ ಎಂದು ಒಮ್ಮೆ ಅಂದಳು. "ಇಷ್ಟು ನಿದ್ದಿ ಮಾಡಿದ್ರೂ ಹಿಂಗ್ಯಾಕ?" ಎಂದರೆ, "ವಯಸ್ಸಾಯ್ತು ಬಿಡ್ರೀ," ಎನ್ನುವಳು. ನಾನು ಆಸ್ಪತ್ರೆಯನ್ನೂ ಈ ದೇಶದ ಸರಕಾರವನ್ನೂ ಬಾಯಿಗೆ ಬಂದಂತೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಒಂದು ತಾಸು ನಿದ್ದೆಯೂ ಇಲ್ಲದಿದ್ದರೆ ಇವಳ ಗತಿ ಏನಾಗುತ್ತಿತ್ತು, ನಾನು ಅಷ್ಟಾದರೂ ಮಾಡುತ್ತಿದ್ದೇನಲ್ಲ ಎಂಬುದೇ ನನ್ನ ಧೈರ್ಯ.

ಕೊನೆಗೆ ಅವಳ ಪರೀಕ್ಷೆಗಳೆಲ್ಲ ಮುಗಿದು, ಟ್ಯೂಬ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ ಹುದ್ದೆ ಸಿಕ್ಕಿತು. ಹಳೆಯ ಆಸ್ಪತ್ರೆಯ ಕೊನೆಯ ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆ ಎಂದಿನಂತೆ ಹೋಗಿ ನಿಂತೆ. ನರ್ಸುಗಳು ಕೊಟ್ಟ ಹೂವಿನ ಗೊಂಚಲು ಹಿಡಿದುಕೊಂಡು ಬಂದಳು. ಕಾಫಿ ಕುಡಿದಳು, ಹೂವನ್ನು ಹಿಂದಿನ ಸೀಟಿಗೆ ಹಾಕಿದಳು, ಬ್ಯಾಗಿನ ಪಟ್ಟಿ ಕೈಗೆ ಸುತ್ತಿಕೊಂಡು ಕಣ್ಣು ಮುಚ್ಚಿದಳು. ಊರು ಬಿಟ್ಟು ರಸ್ತೆಗೆ ಬಂದರೆ ಮುಂದೆ ಅದೇ ಜಲ್ಲಿ ಲಾರಿ. ನಾನು ಅದರ ಬೆನ್ನಿಗೆ ಬಿದ್ದೆ.

"ಖಾಲಿ ಇದೆ. ಹೋಗಿ."

ತಿರುಗಿ ನೋಡಿದೆ. ಅವಳು ನೆಟ್ಟಗೆ ಕೂತು ರಸ್ತೆ ನೋಡುತ್ತಿದ್ದಳು.

"ಎಚ್ಚರಾತೇನು?"

"ಎಚ್ಚರಾನೇ ಇದ್ದೆ. ಹೋಗಿ ಅಂದ್ರೆ, ಎದುರುಗಡೆ ಏನೂ ಬರ್ತಿಲ್ಲ. ಕೊನೇ ದಿನ, ಇವತ್ತಾದ್ರೂ ಈ ಲಾರಿ ದಾಟಿ."

"ಎಚ್ಚರಾನ ಇದ್ದೆ ಅಂದ್ರ?"

ಅವಳು ಬ್ಯಾಗಿನ ಪಟ್ಟಿಯನ್ನು ಬಿಚ್ಚಿದಳು. ಬೆರಳುಗಳ ಮೇಲೆ ಅದು ಒತ್ತಿದ ಕೆಂಪು ಗೆರೆಗಳಿದ್ದವು. "ಕುಂಬಳಕಾಯಿ ಒಡೆದ ದಿನದಿಂದ ನಂಗೆ ಈ ಕಾರಲ್ಲಿ ನಿದ್ದೆ ಬಂದಿಲ್ಲ ಕಣ್ರೀ. ಕಣ್ಣು ಬಿಟ್ರೆ ಕಿಟಕಿ ತುಂಬಾ ಆ ಕಂಬಾನೇ. ಅದಕ್ಕೇ ಮುಚ್ಕೊಂಡಿರ್ತಿದ್ದೆ."

"ನಾ ಇಷ್ಟು ಹಗೂರಕ ಹೊಡಿತಿದ್ನೆಲ್ಲ!"

"ಬುದ್ಧಿಗೆ ಗೊತ್ತು. ಮೈಗೆ ಗೊತ್ತಾಗ್ಬೇಕಲ್ಲ. ಒಂದೊಂದು ತಿರುವಲ್ಲೂ ಹಿಂದಿನ ಚಕ್ರ ಈಗ ಜಾರುತ್ತೆ, ಈಗ ಜಾರುತ್ತೆ ಅಂತಿತ್ತು."

ಮೂರು ವರ್ಷದ ಬೆಳಗುಗಳು, ಜಲ್ಲಿ ಲಾರಿಯ ಹೊಗೆ, ಎರಡು ಸಲ ಉಪ್ಪು ಬಿದ್ದ ಸಾರು, ಅಂಗೈಯಷ್ಟಿದ್ದ ಆ ಕೂಸುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಆ ಒಂದು ತಾಸು ಹಲ್ಲು ಕಚ್ಚಿಕೊಂಡು ಕೂತು, ಮತ್ತೆ ಆ ಕೂಸುಗಳ ಮುಂದೆ ಹೋಗಿ ನಿಂತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು.

"ಮೂರು ವರ್ಷ! ಬಾಯಿ ಇರಲಿಲ್ಲೇನು ನಿನಗ? ಒಂದು ಮಾತು ಹೇಳಿದ್ರ ಮರುದಿನಾನ ಮಾರಿ ಒಗೀತಿದ್ದೆ!"

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಅವಳೇ ಮುಂದುವರಿಸಿದಳು, ದಣಿದ ದನಿಯಲ್ಲಿ, ಯಾರ ಮೇಲೂ ದೂರಿಲ್ಲದೆ. "ಈ ಕಾರು ಬಂದ್ಮೇಲೆ ಯಾರೂ ನಿಮ್ಮನ್ನ ಡಾಕ್ಟರಮ್ಮನ ಯಜಮಾನರು ಅನ್ಲಿಲ್ಲ, ನೋಡಿದ್ರಾ? ಬೆಳಿಗ್ಗೆ ಕಾರು ತೊಳ್ಕೊಂಡು, ಫ್ಲಾಸ್ಕು ಹಿಡ್ಕೊಂಡು ನಗ್ತಾ ನಿಂತಿರ್ತಿದ್ರಿ. ಹೇಗ್ರೀ ಹೇಳ್ಲಿ?"

ರಸ್ತೆ ಇನ್ನೂ ಖಾಲಿಯೇ ಇತ್ತಂತೆ, "ಹೋಗಿ," ಎಂದು ಮತ್ತೊಮ್ಮೆ ಅಂದಳು. ನಾನು ಹೋಗಲಿಲ್ಲ. ಲಾರಿಯನ್ನು ಮುಂದೆ ಬಿಟ್ಟು, ಗಾಡಿಗಳು ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಮಾಡಿದ್ದ ಜಾಗಕ್ಕೆ ಕಾರು ಇಳಿಸಿ ನಿಲ್ಲಿಸಿದೆ. ಇಂಜಿನ್ ಆರಿಸಿದೆ. ಬೀಗದ ಕೈ ಕಿತ್ತು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

"ಈಗ ಮಲಕೋ. ಇದು ಎಲ್ಲೂ ಹೋಗೂದಿಲ್ಲ."

"ಇಲ್ಲೇನಾ? ನಿಮಗೆ ಶಿಫ್ಟಿಗೆ ಹೊತ್ತಾಗಲ್ವಾ?"

"ಮಲಕೋ ಅಂದ್ರ ಮಲಕೋ."

ಅವಳು ಸೀಟು ಹಿಂದಕ್ಕೆ ಬಾಗಿಸಿದಳು. ಒಂದರ ಹಿಂದೆ ಒಂದು ಲಾರಿಗಳು ಹೋದವು, ಪ್ರತಿಯೊಂದು ಹೋದಾಗಲೂ ಕಾರು ಸಣ್ಣಗೆ ಅಲುಗಿತು. ನಾನು ಸ್ಟೀರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ಮುಷ್ಟಿ ಸಡಿಲವಾಯಿತು, ಬಾಯಿ ಸ್ವಲ್ಪ ತೆರೆದುಕೊಂಡಿತು, ಗೊರಕೆ ಶುರುವಾಯಿತು. ಆ ಕಾರಿನಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಆ ದಿನ ಹೇಸ್‌ನ ಶಿಫ್ಟಿಗೆ ನಾನು ಹೋಗಲಿಲ್ಲ.